ಅದು ಅಂಚೆಗೆಂದು ಹುಟ್ಟಿದ ಹಡಗು, ವಿಲಾಸಿ ಹಡಗಲ್ಲ

ಮಾನ್ಯರೇ,

ಭಾನುವಾರದ ಪುರವಣಿಯಲ್ಲಿ ನಾರ್ವೆಯ ಕರಾವಳಿ ಹಡಗು ಸೇವೆ ಹುರ್ಟಿಗ್ರೂಟನ್ ಬಗ್ಗೆ ಬಂದ ಲೇಖನ ಓದಿದೆ. ಬೆಟ್ಟ, ಹಿಮ, ಸಮುದ್ರದ ವರ್ಣನೆ ಚೆನ್ನಾಗಿತ್ತು. ಆದರೆ ಅದನ್ನು ‘ಸಿರಿವಂತರ ವಿಲಾಸಿ ಹಡಗು’ ಎಂದು ಕರೆದದ್ದು ಮನಸ್ಸಿಗೆ ಒಪ್ಪಲಿಲ್ಲ. ಮೂವತ್ತೈದು ವರ್ಷ ಅಂಚೆ ಕಚೇರಿಯಲ್ಲಿ ಠಸ್ಸೆ ಹೊಡೆದವನು ನಾನು. ಈ ಹಡಗಿನ ಮಾರ್ಗ ಹುಟ್ಟಿದ್ದೇ ಕಾಗದ ಮುಟ್ಟಿಸಲಿಕ್ಕೆ.

ಮೊದಲು ಟ್ರಾಂಡ್‌ಹೈಮ್‌ನಿಂದ ಉತ್ತರದ ಹ್ಯಾಮರ್‌ಫೆಸ್ಟ್‌ಗೆ ಹಾಕಿದ ಕಾಗದ ಬೇಸಿಗೆಯಲ್ಲಿ ಮೂರು ವಾರಕ್ಕೆ, ಚಳಿಗಾಲದಲ್ಲಿ ಐದು ತಿಂಗಳಿಗೆ ತಲುಪುತ್ತಿತ್ತಂತೆ. ಐದು ತಿಂಗಳು! ಸತ್ತ ಸುದ್ದಿ, ಹೆತ್ತ ಸುದ್ದಿ ಎಲ್ಲ ಹಳಸಿಹೋಗುವಷ್ಟು ಕಾಲ. ಚಳಿಗಾಲದ ಕತ್ತಲಲ್ಲಿ, ಬಂಡೆಗಳ ನಡುವೆ ಹಡಗು ನಡೆಸಲು ಬೇರೆ ಕಂಪನಿಗಳು ಹಿಂಜರಿದಾಗ ಕಪ್ತಾನ ರಿಚರ್ಡ್ ವಿತ್ ಒಪ್ಪಿಕೊಂಡರು. ಅವರು ಹಡಗಿಗೆ ದಾರಿ ತೋರುವ ತಮ್ಮ ಪೈಲಟ್ ಜೊತೆ ಸೇರಿ ದಿಕ್ಕು, ವೇಗ, ಹಿಡಿದ ಹೊತ್ತು ಎಲ್ಲವನ್ನೂ ಮೊದಲೇ ಬರೆದಿಟ್ಟುಕೊಂಡಿದ್ದರು. 1893ರ ಜುಲೈನಲ್ಲಿ ಹಡಗು ಹೊರಟಿತು.

ಹೋದ ಜೂನ್‌ನಲ್ಲಿ ಟ್ರಾಂಡ್‌ಹೈಮ್‌ನ ಮಗನ ಮನೆಗೆ ಹೋಗಿದ್ದಾಗ ನಾನೂ ನನ್ನ ಹೆಂಡತಿಯೂ ಉತ್ತರದ ಬೂಡೊ ಬಂದರಿನಿಂದ ಟ್ರೋಮ್ಸೊ ಊರಿಗೆ ಇದರಲ್ಲೇ ಹೋದೆವು. ನಡುರಾತ್ರಿ ದಾಟಿದ ಮೇಲೆ ಸೋರ್ಟ್‌ಲ್ಯಾಂಡ್ ಎಂಬ ಸಣ್ಣ ಊರು ಬಂತು. ಆ ಹೊತ್ತಿನಲ್ಲೂ ಹಾಡುಹಗಲಿನ ಬೆಳಕು. ಹಡಗಿನ ಪಕ್ಕದ ಬಾಗಿಲು ತೆರೆಯಿತು, ಫೋರ್ಕ್‌ಲಿಫ್ಟ್ ಪೆಟ್ಟಿಗೆಗಳನ್ನು ಹೊತ್ತು ಹೊರಬಂತು. ಹಿಂದೆಯೇ ಒಬ್ಬ ಅಜ್ಜಿ ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ನಾಯಿಯ ಹಗ್ಗ ಹಿಡಿದು ಇಳಿದರು. ಕಾದು ನಿಂತಿದ್ದ ಹುಡುಗ ಅವರ ಚೀಲ ತೆಗೆದುಕೊಂಡ. ನಮ್ಮ ಕಡೆ ವಸ್ತಿ ಬಸ್ಸಿನಿಂದ ಇಳಿದು ಟಾರ್ಚ್ ಬೆಳಕಲ್ಲಿ ಮನೆಗೆ ಹೋಗುವವರೇ ಕಣ್ಮುಂದೆ ಬಂದರು. ಕಾಲು ಗಂಟೆಯಲ್ಲಿ ಹಡಗು ಹಗ್ಗ ಬಿಚ್ಚಿತು.

ಬರ್ಗೆನ್‌ನಿಂದ ರಷ್ಯಾ ಗಡಿಯ ಹತ್ತಿರದ ಕಿರ್ಕೆನೆಸ್‌ವರೆಗೆ ಇಂಥ 34 ನಿಲುಗಡೆಗಳಿವೆ. ವರ್ಷವಿಡೀ ಈ ಸೇವೆ ನಡೆಯಲೆಂದು ಅಲ್ಲಿನ ಸರ್ಕಾರ ಹಣ ಕೊಡುತ್ತದೆ; 2021ರಿಂದ ಎರಡು ಕಂಪನಿಗಳು ಮಾರ್ಗವನ್ನು ಹಂಚಿಕೊಂಡಿವೆ. ಊರಿನವರಿಗೆ ಇದು ಓಡಾಟದ ದಾರಿ, ಅಂಗಡಿಗೆ ಸಾಮಾನು ಬರುವ ದಾರಿ.

ಓದುಗರಿಗೆ ಇನ್ನೊಂದು ವಿಷಯ ತಿಳಿಸಬೇಕಿತ್ತು: ಹನ್ನೆರಡು ದಿನದ ಪ್ಯಾಕೇಜೇ ಕೊಳ್ಳಬೇಕೆಂದಿಲ್ಲ. ಬಂದರಿನಿಂದ ಬಂದರಿಗೆ ಟಿಕೆಟ್ ಸಿಗುತ್ತದೆ. ಬೂಡೊದಿಂದ ಸ್ವಾಲ್ವೇರ್‌ಗೆ ಸುಮಾರು ಆರು ಗಂಟೆ. ಲೊಫೋಟೆನ್ ದ್ವೀಪಗಳ ಬೆಟ್ಟಗಳು ಸಮುದ್ರದಿಂದ ಗೋಡೆಯ ಹಾಗೆ ಎದ್ದು ಬರುವುದನ್ನು ಮೇಲಿನ ಡೆಕ್ಕಿನಲ್ಲಿ ನಿಂತೇ ನೋಡಬೇಕು. ಜೂನ್ ಆದರೂ ಸ್ವೆಟರ್, ಕಿವಿ ಮುಚ್ಚುವ ಟೊಪ್ಪಿ ಇರಲಿ.

— ನಿವೃತ್ತ ಪೋಸ್ಟ್‌ಮಾಸ್ಟರ್, ಕುಮಟಾ