ಅಂಚೆ ಮತದ ಗತಿ ಏನಾಯಿತೆಂದು ಮತದಾರರಿಗೂ ತಿಳಿಸಿ

ಸಂಪಾದಕರಿಗೆ,

ಮಾನ್ಯರೇ,

2024ರ ಲೋಕಸಭಾ ಚುನಾವಣೆಯಲ್ಲಿ ಎಂಬತ್ತೇಳು ವರ್ಷದ ನಮ್ಮ ತಾಯಿ ಮನೆಯಿಂದಲೇ ಮತ ಹಾಕಿದರು. ಅಂಚೆ ಮತಕ್ಕಾಗಿ ಸಲ್ಲಿಸುವ ಅರ್ಜಿಯಾದ ನಮೂನೆ 12ಡಿ ತುಂಬಿಕೊಟ್ಟಿದ್ದರಿಂದ ಚುನಾವಣಾ ಸಿಬ್ಬಂದಿ ಮನೆಗೇ ಬಂದು, ಮೇಜಿನ ಮೇಲೆ ರಟ್ಟಿನ ಮರೆ ನಿಲ್ಲಿಸಿ, ಮತಪತ್ರವನ್ನು ಅವರ ಕೈಗಿತ್ತರು. ಅಮ್ಮ ನಡುಗುವ ಕೈಯಿಂದ ಗುರುತು ಹಾಕಿ, ಮಡಿಸಿ, ಲಕೋಟೆಯೊಳಗೆ ಸೇರಿಸಿ, ಅಂಟು ಸರಿಯಾಗಿ ಹಿಡಿದಿದೆಯೇ ಎಂದು ಹೆಬ್ಬೆರಳಿನಿಂದ ಎರಡೆರಡು ಸಲ ಒತ್ತಿ ನೋಡಿದರು. ಜೂನ್ 4ರಂದು ಫಲಿತಾಂಶ ನೋಡುತ್ತ ಕುಳಿತವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ನನ್ನ ವೋಟು ಲೆಕ್ಕಕ್ಕೆ ಬಂತೇನಪ್ಪಾ?" ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧಿಕಾರಿಯಾಗಿ ದುಡಿದು, ಸ್ವತಃ ಅಂಚೆ ಮತವನ್ನೇ ಹಾಕುತ್ತ ಬಂದ ನನ್ನಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಮತಗಟ್ಟೆಗೆ ಹೋದವರಿಗೆ ತಾವು ಹಾಕಿದ ಮತದ ಚೀಟಿ ವಿವಿಪ್ಯಾಟ್ ಎಂಬ ಚೀಟಿ ಮುದ್ರಿಸುವ ಯಂತ್ರದ ಗಾಜಿನ ಹಿಂದೆ 7 ಸೆಕೆಂಡುಗಳ ಕಾಲ ಕಾಣಿಸುತ್ತದೆ. ಅಂಚೆ ಮತ ಹಾಕಿದವರಿಗೆ ತಮ್ಮ ಲಕೋಟೆಯನ್ನು ತೆರೆದರೋ ಇಲ್ಲವೋ ಎಂಬುದೂ ತಿಳಿಯುವುದಿಲ್ಲ. ಮತ ಎಣಿಕೆಯ ದಿನ ಮೊದಲು ಕೈಗೆತ್ತಿಕೊಳ್ಳುವುದೇ ಅಂಚೆ ಮತಗಳನ್ನು. ಹೊರಗಿನ ಲಕೋಟೆಯನ್ನು ಬಿಡಿಸಿದಾಗ 13ಎ ಘೋಷಣಾ ಪತ್ರವೂ ಮತಪತ್ರವಿರುವ 13ಬಿ ಲಕೋಟೆಯೂ ಸಿಗುತ್ತವೆ. ಘೋಷಣೆಯಲ್ಲಿ ಮತದಾರರ ಸಹಿಯಾಗಲಿ ಅಧಿಕಾರಿಯ ದೃಢೀಕರಣವಾಗಲಿ ಇಲ್ಲದಿದ್ದರೆ, ಅಥವಾ ಅದರಲ್ಲಿ ಬರೆದ ಮತಪತ್ರದ ಕ್ರಮಸಂಖ್ಯೆ ಲಕೋಟೆಯ ಮೇಲಿನ ಸಂಖ್ಯೆಗೆ ತಾಳೆಯಾಗದಿದ್ದರೆ, ಒಳಗಿನ ಲಕೋಟೆಯನ್ನು ತೆರೆಯದೆಯೇ ಮತವನ್ನು ತಿರಸ್ಕರಿಸುತ್ತಾರೆ. ಒಮ್ಮೆ ಚುನಾವಣಾ ತರಬೇತಿಯ ಗಡಿಬಿಡಿಯಲ್ಲಿ ಅಂಚೆ ಮತ ಹಾಕಿ ಮನೆಗೆ ಮರಳಿದ ಮೇಲೆ, ಘೋಷಣಾ ಪತ್ರದಲ್ಲಿ ಆ ಸಂಖ್ಯೆಯನ್ನು ಬರೆದೆನೋ ಇಲ್ಲವೋ ಎಂಬ ಅನುಮಾನ ನನ್ನನ್ನು ಕಾಡಿತು. ಅದು ಇಂದಿಗೂ ಪರಿಹಾರವಾಗಿಲ್ಲ.

ಮತದಾರರಿಗೆ ಇಂಥ ಮಾಹಿತಿ ಕೊಟ್ಟರೆ ಮತದಾನದ ಗೋಪ್ಯತೆಗೆ ಧಕ್ಕೆಯಾಗುತ್ತದೆ ಎಂಬ ಆಕ್ಷೇಪ ಬರಬಹುದು. ಗೋಪ್ಯತೆಯ ವಿಷಯದಲ್ಲಿ ಕಿಂಚಿತ್ತೂ ರಾಜಿ ಕೂಡದು ಎಂಬುದೇ ನನ್ನ ನಿಲುವು ಕೂಡ. ಆದರೆ ಘೋಷಣಾ ಪತ್ರದ ಪರಿಶೀಲನೆ ನಡೆಯುವ ಹೊತ್ತಿಗೆ ಮತಪತ್ರ ಇನ್ನೂ ಮುಚ್ಚಿದ ಲಕೋಟೆಯಲ್ಲೇ ಇರುತ್ತದೆ. ಮತದಾರರ ಹೆಸರು ಮಾತ್ರ ಅಧಿಕಾರಿಗಳ ಕಣ್ಣ ಮುಂದಿರುತ್ತದೆ. ಆದ್ದರಿಂದ ಲಕೋಟೆ ಸಕಾಲಕ್ಕೆ ತಲುಪಿತೇ, ಘೋಷಣೆ ಸ್ವೀಕೃತವಾಯಿತೇ, ಇಲ್ಲದಿದ್ದರೆ ಕಾರಣವೇನು ಎಂಬಷ್ಟನ್ನು ಆ ಮತದಾರರಿಗೆ ತಿಳಿಸಿದರೆ ಅವರು ಯಾರಿಗೆ ಮತ ಹಾಕಿದರೆಂಬುದು ಯಾರಿಗೂ ಗೊತ್ತಾಗುವ ಪ್ರಶ್ನೆಯೇ ಇಲ್ಲ. ಒಳಗಿನ ಲಕೋಟೆಯನ್ನು ತೆರೆದು ಮತಪತ್ರಗಳೆಲ್ಲ ಒಟ್ಟುಗೂಡಿದ ಮೇಲಿನ ಸಂಗತಿಯನ್ನು ನಾನು ಕೇಳುತ್ತಿಲ್ಲ, ಯಾರೂ ಕೇಳಬಾರದು.

ಇದರಿಂದ ಸಿಬ್ಬಂದಿಗೆ ಹೊಸ ಹೊರೆಯೇನೂ ಬೀಳದು. ತಿರಸ್ಕರಿಸಿದ ಲಕೋಟೆಯ ಮೇಲೆ ಚುನಾವಣಾಧಿಕಾರಿ ಷರಾ ಬರೆಯಬೇಕೆಂದು 1961ರ ಚುನಾವಣಾ ನಿಯಮಗಳೇ ಹೇಳುತ್ತವೆ. ಸೇನೆಯಲ್ಲಿರುವ ಸೇವಾ ಮತದಾರರ ಲಕೋಟೆಗಳ ಕ್ಯೂಆರ್ ಕೋಡ್ ಅನ್ನು ಎಣಿಕೆ ಕೇಂದ್ರದಲ್ಲಿ ಸ್ಕ್ಯಾನ್ ಮಾಡುವುದರಿಂದ ಅವರ ವಿವರ ಆಗಲೇ ಕಂಪ್ಯೂಟರಿಗೆ ಬಂದಿರುತ್ತದೆ. ಹೀಗೆ ಬರೆದಿಟ್ಟದ್ದನ್ನು ಅದರ ವಾರಸುದಾರರಿಗೆ ಮುಟ್ಟಿಸುವುದಷ್ಟೇ ಬಾಕಿ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮತಪತ್ರ ಕಚೇರಿಗೆ ತಲುಪಿದ್ದನ್ನೂ ಎಣಿಕೆಗೆ ಸೇರಿದ್ದನ್ನೂ ಮತದಾರರ ಮೊಬೈಲಿಗೆ ತಿಳಿಸುವ ವ್ಯವಸ್ಥೆಯಿದೆ. ಲಕೋಟೆಯ ಮೇಲಿನ ಸಹಿ ಹೊಂದದಿದ್ದರೆ ಸರಿಪಡಿಸಿಕೊಳ್ಳಲು ಅವಕಾಶವನ್ನೂ ಕೊಡುತ್ತಾರೆ.

ಇವು ಲೆಕ್ಕಕ್ಕಿಲ್ಲದ ಮತಗಳೂ ಅಲ್ಲ. 2017ರಲ್ಲಿ ಗುಜರಾತಿನ ಧೋಲ್ಕಾ ವಿಧಾನಸಭಾ ಕ್ಷೇತ್ರದ ಫಲಿತಾಂಶ 327 ಮತಗಳ ಅಂತರದಲ್ಲಿ ತೀರ್ಮಾನವಾಯಿತು. ಅಲ್ಲಿ ತಿರಸ್ಕೃತವಾದ ಅಂಚೆ ಮತಗಳು 429. ಸೋತ ಅಭ್ಯರ್ಥಿ ನ್ಯಾಯಾಲಯಕ್ಕೆ ಹೋದರು, 2020ರಲ್ಲಿ ಹೈಕೋರ್ಟ್ ಆ ಆಯ್ಕೆಯನ್ನೇ ಅಸಿಂಧುಗೊಳಿಸಿತು, ಆ ತೀರ್ಪಿಗೆ ಸುಪ್ರೀಂ ಕೋರ್ಟ್ ತಡೆ ನೀಡಿತು. ನಮ್ಮ ಜಯನಗರದಲ್ಲೇ 2023ರಲ್ಲಿ ಗೆಲುವಿನ ಅಂತರ ಕೇವಲ 16 ಮತ. ಎಣಿಕೆ ಮೇಜಿನ ಬಳಿ ಅಭ್ಯರ್ಥಿಗಳ ಏಜೆಂಟರು ಇರುತ್ತಾರೆ, ತಕರಾರು ತೆಗೆಯುತ್ತಾರೆ, ಮರುಪರಿಶೀಲನೆ ಕೇಳುತ್ತಾರೆ. ಮತ ಹಾಕಿದವರ ಪರವಾಗಿ ಅಲ್ಲಿ ಯಾರೂ ಇರುವುದಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆ ಅಭ್ಯರ್ಥಿಗಳಿಗೆ ಮಾತ್ರವಲ್ಲದೆ ಕ್ಷೇತ್ರದ ಯಾವುದೇ ಮತದಾರರಿಗೂ ಫಲಿತಾಂಶದ ನಂತರ 45 ದಿನಗಳೊಳಗೆ ಚುನಾವಣಾ ತಕರಾರು ಅರ್ಜಿ ಸಲ್ಲಿಸುವ ಹಕ್ಕು ಕೊಟ್ಟಿದೆ. ತನ್ನ ಮತ ತಿರಸ್ಕೃತವಾಗಿದೆ ಎಂಬುದೇ ಗೊತ್ತಿಲ್ಲದವರು ಆ ಹಕ್ಕನ್ನು ಚಲಾಯಿಸುವುದಾದರೂ ಹೇಗೆ?

ಆದ್ದರಿಂದ ಚುನಾವಣಾ ಆಯೋಗವು ತನ್ನ ಮೊಬೈಲ್ ಆ್ಯಪ್‌ನಲ್ಲಿ ಗುರುತಿನ ಚೀಟಿಯ ಸಂಖ್ಯೆ ಕೊಟ್ಟು ಅಂಚೆ ಮತದ ಸ್ಥಿತಿಗತಿಯನ್ನು ನೋಡಿಕೊಳ್ಳುವ ಏರ್ಪಾಟು ಮಾಡಬೇಕು. ತಿರಸ್ಕೃತವಾದವರಿಗೆ ಫಲಿತಾಂಶ ಬಂದ ವಾರದೊಳಗೆ ಕಾರಣಸಹಿತ ಸಂದೇಶ ಕಳುಹಿಸಬೇಕು. ಮೊಬೈಲ್ ಬಳಸಲಾರದ ನಮ್ಮ ತಾಯಿಯಂಥವರಿಗೆ ಮತಗಟ್ಟೆ ಮಟ್ಟದ ಅಧಿಕಾರಿಯ (ಬಿಎಲ್‌ಒ) ಕೈಯಲ್ಲಿ ಒಂದು ಚೀಟಿ ಕಳುಹಿಸಿದರೂ ಸಾಕು.

ಇಂತಿ,
ಒಬ್ಬ ನಿವೃತ್ತ ಪ್ರೌಢಶಾಲಾ ಶಿಕ್ಷಕ