ಗಂಟೆಗೊಂದು ಹನಿ

ಕಳೆದ ತಿಂಗಳ ಕೊನೆಯ ದಿನ ನಾನು ಸೇವೆಯಿಂದ ನಿವೃತ್ತನಾದೆ. ಮಡಿಕೇರಿಯ ಬೀಳ್ಕೊಡುಗೆಗೆ ಬಂದವರಿಗೂ ಬರಲಾಗದೆ ದೂರದಿಂದಲೇ ಹರಸಿದವರಿಗೂ ನಮಸ್ಕಾರಗಳು. ಅಂದು ಹೇಳಲೇಬೇಕಾಗಿದ್ದ ಮಾತೊಂದು ಗಂಟಲಲ್ಲೇ ಉಳಿದುಹೋಯಿತು. ಅದನ್ನು ಬರೆದಾದರೂ ತಿಳಿಸಬೇಕೆನಿಸಿದೆ.

ಕಣ್ಣಿನ ಸೋಂಕು ಮತ್ತು ಉರಿಯೂತವನ್ನೇ ವಿಶೇಷವಾಗಿ ನೋಡುವ ವೈದ್ಯನಿಗೆ ಕೊಡಗಿನಲ್ಲಿ ಬಿಡುವಿನ ಕಾಲವೆಂಬುದಿಲ್ಲ. ಕಾಫಿ ಕುಯ್ಲಿನಲ್ಲಿ ಕಡ್ಡಿ ಚುಚ್ಚಿಸಿಕೊಂಡವರು, ಏಣಿಯ ಮೇಲೆ ನಿಂತು ಮೆಣಸು ಬಿಡಿಸುವಾಗ ಕಣ್ಣಿಗೆ ಏಟು ಮಾಡಿಕೊಂಡವರು, ನಾಟಿಯ ವೇಳೆ ಕೆಸರು ಸಿಡಿದವರು ಒಬ್ಬರ ಹಿಂದೊಬ್ಬರು ಬರುತ್ತಲೇ ಇರುತ್ತಾರೆ. ಇಲಿಜ್ವರ ವಾಸಿಯಾಗಿ ತಿಂಗಳುಗಳು ಕಳೆದ ಮೇಲೂ ಕಣ್ಣಿನೊಳಗೆ ಉರಿಯೂತ ಕಾಣಿಸಿಕೊಳ್ಳಬಹುದೆಂಬುದನ್ನು, 1993ರ ನೆರೆಯ ನಂತರ ಮಧುರೈಯಲ್ಲಿ ಕಂಡ ರೋಗಿಗಳ ಉದಾಹರಣೆಯಿಂದ ಕಲಿಸಿದ ಗುರುಗಳಿಗೆ, ಕಣ್ಣಿನ ಹುಣ್ಣಿನಿಂದ ಕೆರೆದು ತೆಗೆದ ಮಾದರಿಯಲ್ಲಿ ಶಿಲೀಂಧ್ರದ ಎಳೆಗಳನ್ನು ಬೇಸರವಿಲ್ಲದೆ ಹುಡುಕಿಕೊಟ್ಟ ಪ್ರಯೋಗಾಲಯದವರಿಗೆ, ನಮ್ಮ ನೇತ್ರಾಧಿಕಾರಿಗಳಿಗೆ, ದುಃಖದ ನಡುವೆಯೂ ಆರು ಗಂಟೆಯೊಳಗೆ ನೇತ್ರದಾನಕ್ಕೆ ಒಪ್ಪಿದ ಕುಟುಂಬಗಳಿಗೆ ಮತ್ತು ನನ್ನ ಪತ್ನಿ, ಮಕ್ಕಳಿಗೆ ನಾನು ಋಣಿ.

ಉಳಿದದ್ದೆಲ್ಲ ಅಕ್ಕನ ಕುರಿತು. ರಾತ್ರಿ ಪಾಳಿಯ ಆ ಸಿಸ್ಟರ್ ವಯಸ್ಸಿನಲ್ಲಿ ನನಗಿಂತ ಹಿರಿಯರಾದ್ದರಿಂದ ನಾವೆಲ್ಲ ಅವರನ್ನು ಹಾಗೆಯೇ ಕರೆಯುತ್ತಿದ್ದೆವು. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ.

2018ರ ಆಗಸ್ಟ್ ತಿಂಗಳ ಆ ವಾರವನ್ನು ಕೊಡಗಿನವರಿಗೆ ವಿವರಿಸಬೇಕಾಗಿಲ್ಲ. ಜೋಡುಪಾಲದ ಬಳಿ ಗುಡ್ಡ ಜರಿದು ಮಂಗಳೂರಿನ ದಾರಿ ಮುಚ್ಚಿತ್ತು; ಕುಶಾಲನಗರದ ತಗ್ಗು ಬಡಾವಣೆಗಳಲ್ಲಿ ನೀರು ನಿಂತಿತ್ತು. ನಮ್ಮ ವಾರ್ಡಿನಲ್ಲಿ ತೋಟದ ಕಾರ್ಮಿಕರ ಲೈನ್ ಮನೆಯೊಂದರಿಂದ ಬಂದಿದ್ದ ಹೆಂಗಸಿನ ಕಾರ್ನಿಯಾದ (ಕಣ್ಣಿನ ಮುಂಭಾಗದ ಪಾರದರ್ಶಕ ಪದರದ) ಮೇಲೆ ಶಿಲೀಂಧ್ರದ ಹುಣ್ಣು ಹರಡುತ್ತಿತ್ತು. ಅವರ ಇನ್ನೊಂದು ಕಣ್ಣು ಬಾಲ್ಯದಲ್ಲೇ ಹೋಗಿತ್ತು. ಮೈಸೂರಿಗೆ ಕಳುಹಿಸುವ ಧೈರ್ಯ ನನಗಾಗಲಿಲ್ಲ. ಶಿಲೀಂಧ್ರವನ್ನು ಕೊಲ್ಲುವ ನಟಾಮೈಸಿನ್ ಹನಿ ಕೈಯಲ್ಲಿತ್ತು. ಈ ಬಗೆಯ ಹುಣ್ಣಿಗೆ ಅದಕ್ಕಿಂತ ದುಬಾರಿಯಾದ ವೊರಿಕೊನಜೋಲ್ ಹನಿಗಿಂತ ಅದೇ ಮೇಲೆಂದು ದಕ್ಷಿಣ ಭಾರತದಲ್ಲೇ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತ್ತು. ಆದರೆ ಆ ಔಷಧ ಕಾರ್ನಿಯಾದೊಳಗೆ ಸುಲಭವಾಗಿ ಇಳಿಯುವುದಿಲ್ಲ. ಗಂಟೆಗೊಮ್ಮೆ, ರಾತ್ರಿಯೆಲ್ಲ, ತಪ್ಪದೆ ಹಾಕಬೇಕು. ನಾನು ಮಾಡಿದ್ದು ಹಾಗೆಂದು ಬರೆದುಕೊಟ್ಟದ್ದಷ್ಟೇ, ಹಾಕಿದವರು ಅಕ್ಕ.

ಅವರು ಹನಿ ಹಾಕುತ್ತಿದ್ದ ರೀತಿ ಈಗಲೂ ಕಣ್ಣ ಮುಂದಿದೆ. ಬಾಟಲಿಯ ತಳದಲ್ಲಿ ಬಿಳಿಯ ಮಡ್ಡಿಯಾಗಿ ಕೂತ ಔಷಧ ಪೂರ್ತಿ ಬೆರೆಯುವವರೆಗೆ ಕುಲುಕುವರು. ಹಿಂದಿನ ಹನಿ ರೆಪ್ಪೆಗೂದಲಿನಲ್ಲಿ ಒಣಗಿ ಅಂಟಿದ್ದನ್ನು ಒದ್ದೆ ಹತ್ತಿಯಿಂದ ಬಿಡಿಸುವರು. ಕೆಳರೆಪ್ಪೆಯನ್ನು ಬೆರಳ ತುದಿಯಿಂದ ಮೆಲ್ಲನೆ ಇಳಿಸಿ, ಬಾಟಲಿಯ ಮೂತಿ ತಾಗದಂತೆ ಒಂದೇ ಹನಿ ಬಿಟ್ಟು, ತಾವೇ ಕೊಂಡ ಪುಟ್ಟ ನೋಟ್ ಪುಸ್ತಕದಲ್ಲಿ ಸಮಯ ಬರೆಯುವರು. ಅಂದು ಕರೆಂಟ್ ಇರಲಿಲ್ಲ. ಟಾರ್ಚನ್ನು ಕಂಕುಳಲ್ಲಿ ಇರುಕಿಕೊಂಡು ಇದನ್ನೆಲ್ಲ ಮಾಡಿದರು.

ಎರಡು ಗಂಟೆಗೆ ನಾನು ಹೋದಾಗ ಅಕ್ಕ ಹಾಸಿಗೆಯ ಬಳಿ ಇರಲಿಲ್ಲ, ವರಾಂಡದಲ್ಲಿ ಫೋನ್ ಹಿಡಿದು ನಿಂತಿದ್ದರು. ‘ಒಂದು ಕಣ್ಣು ಹೋಗುತ್ತಿರುವಾಗ ಫೋನ್ ಬೇಕೇ?’ ಎಂದು ನಾನು ರೇಗಿದೆ. ಅವರು ‘ಬಂದೆ ಡಾಕ್ಟ್ರೇ’ ಎಂದಷ್ಟೇ ಹೇಳಿ ಒಳಗೆ ನಡೆದರು.

ಅವರ ಮನೆ ಮಕ್ಕಂದೂರಿನ ಕಡೆ ಇತ್ತೆಂಬುದು ನನಗೆ ಗೊತ್ತಿತ್ತು. ಅಲ್ಲಿ ಗುಡ್ಡಗಳು ಜರಿಯುತ್ತಿವೆ ಎಂಬ ಸುದ್ದಿಯೂ ಸಂಜೆಯೇ ಕಿವಿಗೆ ಬಿದ್ದಿತ್ತು. ಆದರೂ ಎರಡನ್ನೂ ಸೇರಿಸಿ ಯೋಚಿಸುವಷ್ಟು ಮನುಷ್ಯತ್ವ ಆ ಹೊತ್ತಿನಲ್ಲಿ ನನಗಿರಲಿಲ್ಲ. ಗಂಡ, ಮಗಳು ಪರಿಹಾರ ಕೇಂದ್ರದಲ್ಲಿ ಸುರಕ್ಷಿತವಾಗಿದ್ದಾರೆ ಎಂದು ಅವರಿಗೆ ತಿಳಿದದ್ದು ಮರುದಿನ ಮಧ್ಯಾಹ್ನ. ಮನೆ ಉಳಿದಿರಲಿಲ್ಲ. ಇಷ್ಟು ವರ್ಷ ನಾನು ಕ್ಷಮೆ ಕೇಳಲಿಲ್ಲ. ಕೇಳಲು ಅವಕಾಶ ಸಿಗಲಿಲ್ಲವೆಂದರೆ ಸುಳ್ಳಾಗುತ್ತದೆ, ನಾಚಿಕೆ ಅಡ್ಡ ಬಂತು.

ಹುಣ್ಣು ಒಣಗಲು ಐದು ವಾರ ಹಿಡಿಯಿತು. ಬಿಳಿ ಕಲೆ ಪಾಪೆಯಿಂದ ಪಕ್ಕಕ್ಕೆ ಉಳಿದದ್ದರಿಂದ ಆ ಹೆಂಗಸಿನ ನೋಟ ಉಳಿಯಿತು. ಮರುವರ್ಷದ ಕುಯ್ಲಿನಲ್ಲಿ ಅವರು ಮತ್ತೆ ಹಣ್ಣು ಬಿಡಿಸುತ್ತಿದ್ದರು. ಅನಂತರ ಎಷ್ಟೋ ಸಭೆಗಳಲ್ಲಿ ಈ ಚಿಕಿತ್ಸೆಗಾಗಿ ನನ್ನನ್ನು ಹೊಗಳಿದ್ದಾರೆ. ಆ ಮಾತುಗಳಲ್ಲಿ ಬಹುಪಾಲು ಅಕ್ಕನಿಗೆ ಸಲ್ಲಬೇಕಾದದ್ದು. ಇಂದು ಎಲ್ಲರೆದುರು ಒಪ್ಪಿಸುತ್ತಿದ್ದೇನೆ.

ಅಕ್ಕ, ನೀವು ನಿವೃತ್ತರಾಗುವಾಗ ಕಪಾಟಿನಲ್ಲೇ ಬಿಟ್ಟುಹೋದ ನೋಟ್ ಪುಸ್ತಕ ನನ್ನ ಬಳಿ ಇದೆ. ಹುತ್ತರಿ ಕಳೆದ ಮೇಲೆ ನಿಮ್ಮ ಮನೆಗೆ ಬಂದು ಕೊಡುತ್ತೇನೆ, ಅಂದಿನ ಮಾತಿಗೆ ಕ್ಷಮೆಯನ್ನೂ ಕೇಳುತ್ತೇನೆ. ನಿನ್ನೆ ಆ ರಾತ್ರಿಯ ಪುಟ ತೆರೆದು ನೋಡಿದೆ. 12, 1, ಆಮೇಲೆ 3, 4, 5 ಎಂದು ಸಾಲಾಗಿ ಇವೆ. ನಡುವೆ 2 ಎಂದು ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ, ನೀವು 2.10 ಎಂದೇ ಬರೆದಿದ್ದೀರಿ.