ಬಿಡಿಸಿದರೆ ಸಾಲದು, ಮನಸ್ಸಿಗೂ ಚಿಕಿತ್ಸೆ ಬೇಕು

ಸಂಪಾದಕರೇ,

ಜೀತದಿಂದ ಬಿಡಿಸಿದವರ ಮನಸ್ಸಿನ ಗಾಯದ ಬಗ್ಗೆ ಈ ಪತ್ರ; ಒಂದು ಹಳೆಯ ಕತೆಯಿಂದ ಶುರು ಮಾಡುತ್ತೇನೆ. ಎರಡನೇ ಮಹಾಯುದ್ಧದ ಮಾತು ಬಂದಾಗ ಸಯಾಂ (ಈಗಿನ ಥಾಯ್ಲೆಂಡ್)-ಬರ್ಮಾ ರೈಲು ಹಳಿಯ ನೆನಪು ಬಂದೇ ಬರುತ್ತದೆ. ಸುಮಾರು 415 ಕಿ.ಮೀ. ದಾರಿ. 1942-43ರಲ್ಲಿ ಜಪಾನಿ ಸೇನೆ ಬಡಿದು ಬಗ್ಗಿಸಿ ಕಟ್ಟಿಸಿದ್ದು. ಜಪಾನಿಗೆ ಸೆರೆಸಿಕ್ಕು ಅಲ್ಲಿ ಸತ್ತ 12,000ಕ್ಕೂ ಹೆಚ್ಚು ಬ್ರಿಟಿಷ್, ಆಸ್ಟ್ರೇಲಿಯಾ, ಡಚ್ ಸೈನಿಕರ ಲೆಕ್ಕ ಇದೆ. ಥಾಯ್ಲೆಂಡಿನ ಕಾಂಚನಾಬುರಿಯಲ್ಲಿ ಸಾಲು ಸಾಲು ಸಮಾಧಿಗಳಿವೆ. ಆದರೆ ಅಲ್ಲಿ ದುಡಿದವರಲ್ಲಿ ಜಾಸ್ತಿ ಜನ ಏಷ್ಯಾದ ಕೂಲಿಗಳೇ. ಮಲಯಾದ (ಈಗಿನ ಮಲೇಷ್ಯಾ) ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳರು, ತೆಲುಗರು ಅವರಲ್ಲಿ ಬಹಳ ಮಂದಿ. ಕೆಲವರನ್ನು ಆಸೆ ತೋರಿಸಿ ಕರೆದೊಯ್ದರು, ಕೆಲವರನ್ನು ಹಿಡಿದು ಎಳೆದೊಯ್ದರು. ಎಷ್ಟು ಜನ ಸತ್ತರೆಂದು ಯಾರೂ ಸರಿಯಾಗಿ ಬರೆದಿಡಲಿಲ್ಲ. ಅಂದಾಜು 90,000 ಅನ್ನುತ್ತಾರೆ. ಸಕಲೇಶಪುರ, ಮೂಡಿಗೆರೆ ಕಡೆಯ ತೋಟಗಳಲ್ಲಿ ಕೂಲಿಗಳಿರುವ ಲೈನ್ ಮನೆ ನೋಡಿದವರಿಗೆ ಇವರು ಎಂಥ ಜನ ಎಂದು ಬಿಡಿಸಿ ಹೇಳಬೇಕಿಲ್ಲ.

ಬದುಕಿ ಉಳಿದವರೇನು ಸುಖವಾಗಿದ್ದರೇ? ನಾರ್ವೆಯ ಮನೋವೈದ್ಯ ಲಿಯೋ ಐಟಿಂಗರ್ ತಾವೇ ಹಿಟ್ಲರನ ನಾಜಿಗಳ ಆಶ್ವಿಟ್ಜ್ ಸೆರೆ ಕ್ಯಾಂಪಿನಿಂದ ಪಾರಾಗಿ ಬಂದವರು. ನಾಜಿ ಕ್ಯಾಂಪುಗಳಿಂದ ಬಂದವರನ್ನು ವರ್ಷಗಟ್ಟಲೆ ಪರೀಕ್ಷಿಸಿದರು. ನಿದ್ದೆ ಬರದು, ಬಂದರೆ ಕೆಟ್ಟ ಕನಸು. ಸುಮ್ನೆ ಕೂತಿದ್ದಾಗಲೂ ದಿಗಿಲು, ಮರೆವು, ಸದಾ ಸುಸ್ತು. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೂ ಇದೇ ಪಾಡು. ಜಪಾನಿನ ಸೆರೆಯಿಂದ ಬಿಟ್ಟ ಬ್ರಿಟಿಷ್ ಸೈನಿಕರಿಗಂತೂ ಅಲ್ಲಿ ಕಂಡದ್ದನ್ನು ಹೇಳಿಕೊಂಡು ತಿರುಗಬೇಡಿ ಎಂದು ಸೂಚನೆ ಕೊಟ್ಟಿದ್ದರು! ಈ ಕಾಯಿಲೆ ಪಿಟಿಎಸ್‌ಡಿ (ಆಘಾತದ ನಂತರ ಉಳಿಯುವ ಮಾನಸಿಕ ತೊಂದರೆ) ಎಂಬ ಹೆಸರಿನಲ್ಲಿ ಅಮೆರಿಕದ ಮನೋವೈದ್ಯರ ಪಟ್ಟಿಗೆ ಸೇರಿದ್ದೇ 1980ರಲ್ಲಿ. ಜಪಾನಿನ ಸೆರೆ ಕಂಡು ಆಗಿನ್ನೂ ಬದುಕಿದ್ದ ತನ್ನ ಸೈನಿಕರಿಗೆ ಬ್ರಿಟನ್ ಸರ್ಕಾರ ತಲಾ 10,000 ಪೌಂಡ್ ಕೊಡಲು ಒಪ್ಪಿದ್ದು 2000ದಲ್ಲಿ. ತಡವಾದರೂ ಅವರನ್ನು ಕೇಳುವವರಿದ್ದರು. ರಬ್ಬರ್ ತೋಟದ ಕೂಲಿಯನ್ನು ಕೇಳಿದವರು ಯಾರು?

ಹಳೆಯ ಕತೆ ಈಗೇಕೆ ಅನ್ನಬಹುದು. 2018ರ ಡಿಸೆಂಬರಿನಲ್ಲಿ ನಮ್ಮದೇ ಅರಸೀಕೆರೆ ತಾಲ್ಲೂಕಿನಲ್ಲಿ ಶೆಡ್ಡಿನಲ್ಲಿ ಕೂಡಿಹಾಕಿ ದುಡಿಸುತ್ತಿದ್ದ ಐವತ್ತಕ್ಕೂ ಹೆಚ್ಚು ಜನರನ್ನು ಪೊಲೀಸರು ಬಿಡಿಸಿದರು, ನೆನಪಿದೆ ಅಲ್ವಾ? ಯುದ್ಧದ ಕ್ಯಾಂಪೂ ಇದೂ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ಬೀಗ, ಏಟು, ಓಡಿದರೆ ಹಿಡಿದು ತರುತ್ತಾರೆಂಬ ಭಯ ಇಲ್ಲೂ ಇತ್ತು. ಅವರ ಬಗ್ಗೆ ಆಮೇಲೆ ಓದಿದ್ದೆಲ್ಲ ಕೇಸಿನ ಸುದ್ದಿ, ಪರಿಹಾರದ ಸುದ್ದಿ.

ಜೀತದಿಂದ ಬಿಡುಗಡೆಯಾದವರಿಗೆ ಕೇಂದ್ರದ ಯೋಜನೆಯಲ್ಲಿ 1 ಲಕ್ಷದಿಂದ 3 ಲಕ್ಷ ರೂಪಾಯಿವರೆಗೆ ನೆರವಿದೆ. ಅದರ ಬಹುಪಾಲು ಸಿಗುವುದು ಜೀತ ಸಾಬೀತಾದ ಮೇಲೆ. ಅಲ್ಲಿಯವರೆಗೆ ರಾತ್ರಿ ಬೆಚ್ಚಿ ಏಳುವವರ ಗತಿ? ಉಪವಿಭಾಗಾಧಿಕಾರಿಗಳು ಬಿಡುಗಡೆ ಪತ್ರ ಕೊಡುವಾಗಲೇ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವನ್ನೂ ಕರೆಸಲಿ. ಇವರಲ್ಲಿ ಹೊರಗಿನವರೇ ಹೆಚ್ಚು. ಊರಿಗೆ ಮರಳಿದ ಮೇಲೆ ಅಲ್ಲಿನ ತಂಡಕ್ಕೂ ಇವರ ವಿವರ ಹೋಗಲಿ. ಮಾನಸಿಕ ಆರೋಗ್ಯಕ್ಕೆಂದೇ ಟೆಲಿ-ಮಾನಸ್ 14416 ಸಹಾಯವಾಣಿ ಇದೆ, ಕಾಸು ಕೊಡಬೇಕಿಲ್ಲ. ಆದರೆ ನಂಬರ್ ಬರೆದ ಚೀಟಿ ಕೈಗಿಟ್ಟು ಕಳಿಸಿದರೆ ಯಾರೂ ಫೋನ್ ಮಾಡುವುದಿಲ್ಲ. ಮೊದಲ ಕರೆಯನ್ನು ಸಿಬ್ಬಂದಿಯೇ ಪಕ್ಕದಲ್ಲಿ ಕೂತು ಮಾಡಿಸಬೇಕು.

– ನಿವೃತ್ತ ಇತಿಹಾಸ ಉಪನ್ಯಾಸಕ, ಹಾಸನ